ಸರಸತ್ತೆ ಕೊಂಡ ಗೊಬ್ಬರ

ತಾರಸಿಯ ಮೂಲೆಯಲ್ಲಿ ಒರಗಿಸಿಟ್ಟಿದ್ದ ಗೊಬ್ಬರದ ಚೀಲದ ಬಾಯಿಂದ ಇವತ್ತು ಬೆಳಿಗ್ಗೆ ಒಂದು ಸಸಿ ಇಣುಕುತ್ತಿತ್ತು. ನಾನು ಅದರಲ್ಲಿ ಏನನ್ನೂ ಬಿತ್ತಿರಲಿಲ್ಲ. ಚೀಲದ ಮೇಲೆ ದೊಡ್ಡದೊಂದು ಕೆಂಪು ಗುಲಾಬಿಯ ಚಿತ್ರ, ಅದರ ಕೆಳಗೆ ‘ಪರಿಶುದ್ಧ’ ಎಂಬ ಭರವಸೆ. ಎಲೆಯ ತುದಿ ಚಿವುಟಿ, ಬೆರಳುಗಳ ನಡುವೆ ಹೊಸಕಿ, ಮೂಸಿ ನೋಡಿದೆ. ಒಗೆದ ಬಟ್ಟೆ ಹರವಲು ಬಂದಿದ್ದ ನನ್ನ ಹೆಂಡತಿ ನಕ್ಕಳು.

“ಹೂ ಮೂಸೋರನ್ನ ನೋಡಿದೀನಿ, ಮಾವಿನಹಣ್ಣು ಮೂಸೋರನ್ನ ನೋಡಿದೀನಿ. ಕಳೆ ಮೂಸೋರು ನೀವೊಬ್ರೇ ಕಣ್ರೀ.”

ಅವಳ ಮಾತು ನಿಜ. ಈ ಅಭ್ಯಾಸ ನನಗೆ ಅಂಟಿಕೊಂಡಿದ್ದು ಲಕ್ಷ್ಮೀಪುರಂನಲ್ಲಿದ್ದ ನನ್ನ ಸೋದರತ್ತೆ ಸರಸತ್ತೆಯ ಮನೆಯಲ್ಲಿ. ನೀವೂ ಕುಂಡಗಳಲ್ಲಿ ಗಿಡ ಬೆಳೆಸುವವರಾಗಿದ್ದು, ಪೇಟೆಯ ಗೊಬ್ಬರವನ್ನು ನಂಬಿ ಒಮ್ಮೆಯಾದರೂ ಬೇಸ್ತುಬಿದ್ದವರಾಗಿದ್ದರೆ, ಮುಂದಿನ ಸಂಗತಿ ನಿಮಗೆ ಬೇಗ ಅರ್ಥವಾಗುತ್ತದೆ.

ಆಗ ನಾನು ಮೈಸೂರಿನ ಒಂದು ದಿನಪತ್ರಿಕೆಯಲ್ಲಿ ನಗರದ ವರದಿಗಾರ. ಕಚೇರಿಗೆ ಹೋಗುವ ದಾರಿಯಲ್ಲಿ ಅತ್ತೆಯ ಮನೆ ಸಿಗುತ್ತಿತ್ತು. ಸಿಗುತ್ತಿತ್ತು ಅನ್ನುವುದಕ್ಕಿಂತ, ಅಲ್ಲಿಯ ಕಾಫಿಗಾಗಿ ನಾನೇ ದಾರಿಯನ್ನು ಸ್ವಲ್ಪ ಬಗ್ಗಿಸಿಕೊಂಡಿದ್ದೆ ಅಂದರೆ ಸರಿಯಾದೀತು. ಗೇಟು ತೆಗೆದರೆ ಮುಂದೆ ಮೊಣಕಾಲೆತ್ತರದ ಹೂಪಾತಿಗಳು, ಬದಿಯಲ್ಲಿ ಮಲ್ಲಿಗೆ, ಹಿತ್ತಿಲಿನಲ್ಲಿ ಬಾಳೆ. ಹಿತ್ತಿಲಿನ ಬಚ್ಚಲುಮನೆಯ ಹಿಂದೆ ಮಾವನ ಗೊಬ್ಬರದ ಗುಂಡಿ. ಮಾವ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟರ್ ಆಗಿದ್ದವರು. ನಟ್ಟು ಬೋಲ್ಟುಗಳ ಜೊತೆ ದಿನವಿಡೀ ಕಳೆದು ಬಂದ ಮನುಷ್ಯ ಸಂಜೆ ಆ ಗುಂಡಿಯ ಮುಂದೆ ನಿಂತು, ಕವೆಗೋಲಿನಿಂದ ಅದನ್ನು ಮೇಲೆ ಕೆಳಗೆ ಮಾಡುತ್ತಾ, ಅದರ ಜೊತೆ ಏನೋ ಮಾತಾಡುತ್ತಿದ್ದರು. ಅತ್ತೆಗೆ ಅದು ಕಣ್ಣಿಗೆ ಕಂಡರಾಗದು. “ಮದುವೆಯಾಗಿ ಬಂದಾಗಿನಿಂದ ನನ್ನ ಅಡುಗೆಮನೆಗೂ ಈ ಗುಂಡಿಗೂ ಒಂದೇ ಗಾಳಿ” ಎಂದು ಬಂದವರಿಗೆಲ್ಲ ದೂರುತ್ತಿದ್ದರು.

ಗುಂಡಿ ಮಾವನ ಇಲಾಖೆ, ಕಳೆ ಅತ್ತೆಯ ಇಲಾಖೆ. ಮಧ್ಯಾಹ್ನದ ಊಟವಾಗಿ ಬಿಸಿಲು ಇಳಿದ ಮೇಲೆ ಒಂದು ಗಿಡ್ಡ ಮಣೆ ಹಾಕಿಕೊಂಡು ಪಾತಿಯ ಪಕ್ಕದಲ್ಲಿ ಕೂತರೆಂದರೆ, ಮಣೆಯ ಜೊತೆಗೇ ಸರಿಯುತ್ತಾ ಒಂದು ತುದಿಯಿಂದ ಇನ್ನೊಂದು ತುದಿ ಮುಟ್ಟುತ್ತಿದ್ದರು. ಕಳೆಗಳಲ್ಲೂ ಅವರಿಗೆ ತರತಮ ಇತ್ತು. ಗರಿಕೆಯನ್ನು ಕಿತ್ತರೆ ಎಸೆಯುವಂತಿಲ್ಲ. ತೊಳೆದು, ಕಟ್ಟು ಕಟ್ಟಿ, ಗಣಪತಿ ಗುಡಿಗೆ ಕಳಿಸಬೇಕು. ತುಳಸಿ ಎಲ್ಲೆಂದರಲ್ಲಿ ಹುಟ್ಟುತ್ತಿತ್ತು; ಅದನ್ನು ಕೀಳುವುದಿರಲಿ, ಕಳೆ ಎಂದು ಕರೆಯುವುದೂ ತಪ್ಪು. ಬೇರುಸಮೇತ ಎಬ್ಬಿಸಿ ಡಬ್ಬದಲ್ಲಿ ನೆಟ್ಟು, ಯಾರಾದರೂ ಮುತ್ತೈದೆ ಬರುವವರೆಗೆ ಕಾಯಬೇಕು. ಹೀಗಾಗಿ ಕಾಂಪೌಂಡಿನ ಉದ್ದಕ್ಕೂ ಹಾಲಿನಪುಡಿಯ ಹಳೆಯ ಡಬ್ಬಗಳಲ್ಲಿ ನಿರಾಶ್ರಿತ ತುಳಸಿಗಳ ಸಾಲೇ ಇರುತ್ತಿತ್ತು. ಮುಟ್ಟಿದರೆ ಮುನಿ ಮತ್ತು ಕೊನ್ನಾರಿ ಗಡ್ಡೆಗೆ ಮಾತ್ರ ಯಾವ ದಾಕ್ಷಿಣ್ಯವೂ ಇರಲಿಲ್ಲ. ಕೊನ್ನಾರಿಯನ್ನು ಕುರ್ಪಿಯಿಂದ ಅಗೆದು, ಗಡ್ಡೆ ಮುರಿಯದ ಹಾಗೆ ಎತ್ತಿ, “ಬಾರಯ್ಯ, ನಿಮ್ಮ ವಂಶದವರೆಲ್ಲ ಎಲ್ಲಿ?” ಎಂದು ಅದನ್ನೇ ವಿಚಾರಿಸುತ್ತಿದ್ದರು. ಗಂಡ ಗುಂಡಿಯ ಜೊತೆ, ಹೆಂಡತಿ ಕಳೆಯ ಜೊತೆ ಮಾತಾಡುವ ಮನೆ ಅದು. ಅವರಿಬ್ಬರೂ ತಮ್ಮತಮ್ಮಲ್ಲಿ ಏನು ಮಾತಾಡಿಕೊಳ್ಳುತ್ತಿದ್ದರೋ ನನಗೆ ತಿಳಿಯದು.

ಮಾವನ ಹೆಮ್ಮೆಯೆಂದರೆ ಒಂದು ಸೇವಂತಿಗೆ. ಬೇರಿನ ಕವಲು ಬಿಡಿಸಿ ನೆಡುವ ಜಾತಿಯಲ್ಲ, ಪ್ರತಿವರ್ಷ ಬೀಜದಿಂದಲೇ ಏಳಿಸಬೇಕಾದದ್ದು. ಹಳದಿಯ ಒಂಟಿ ಸುತ್ತಿನ ಹೂವು, ಎಸಳುಗಳ ಬುಡದಲ್ಲಿ ಇಟ್ಟಿಗೆ ಬಣ್ಣದ ಉಂಗುರ. ಮೊದಲ ಸಲ ಆ ಉಂಗುರ ಯಾವುದೋ ಒಂದು ಗಿಡದಲ್ಲಿ ಮಸುಕಾಗಿ ಕಂಡಿತ್ತಂತೆ. ಉಂಗುರ ಚೆನ್ನಾಗಿ ಮೂಡಿದ ಹೂಗಳನ್ನಷ್ಟೇ ಬೀಜಕ್ಕೆ ಬಿಟ್ಟು, ವರ್ಷ ವರ್ಷವೂ ಆರಿಸಿ ಆರಿಸಿ, ಕೊನೆಗೆ ಕಂಪಾಸಿನಲ್ಲಿ ಗೆರೆ ಎಳೆದ ಹಾಗೆ ಮಾಡಿದ್ದರು. ದಸರಾಕ್ಕೆ ಊರಿನ ಮನೆತೋಟಗಳಿಗೆ ಸ್ಪರ್ಧೆ ನಡೆಯುತ್ತದಲ್ಲ, ತೀರ್ಪುಗಾರರು ಮನೆಮನೆಗೆ ಬಂದು ನೋಡಿ ಹೋಗುತ್ತಾರಲ್ಲ, ಅದರಲ್ಲಿ ಅತ್ತೆಯ ತೋಟಕ್ಕೆ ಯಾವುದಾದರೊಂದು ಬಹುಮಾನ ಖಾಯಂ. ನಮ್ಮ ಪತ್ರಿಕೆಯಲ್ಲಿ ಆ ಸುದ್ದಿಯನ್ನು ನಾನು ಬರೆಯುತ್ತಿರಲಿಲ್ಲ. ಬಂಧುಗಳ ಹೆಸರಿರುವ ಸುದ್ದಿಯನ್ನು ಪಕ್ಕದ ಮೇಜಿಗೆ ದಾಟಿಸುವುದು ನಮ್ಮಲ್ಲಿ ರೂಢಿ. “ಸ್ವಂತ ಸೋದರಳಿಯ ಪೇಪರ್‌ನಲ್ಲಿದ್ದೂ ನಾಲ್ಕೇ ಸಾಲು!” ಎಂದು ಅತ್ತೆ ಪ್ರತಿ ದಸರಾ ಮುಗಿದ ಮೇಲೂ ಕಾಫಿಗೆ ಸಕ್ಕರೆ ಕಡಿಮೆ ಹಾಕುತ್ತಿದ್ದರು.

ಮಾವನಿಗೆ ಇನ್ನೊಂದು ಚಾಳಿ. ಆಷಾಢದಲ್ಲಿ ಸಸಿಗಳು ಎದ್ದ ಕೂಡಲೇ ಅವನ್ನು ಬೀದಿಗೆಲ್ಲ ಹಂಚಿಬಿಡುವುದು. ಹಾಗೆ ಪಡೆದವರಲ್ಲಿ ಬೀದಿಯ ಕೊನೆಯ ಮನೆಯ ಗಿರಿಜಮ್ಮ ಒಬ್ಬರು. ನಂಜನಗೂಡಿನ ಕಡೆಯ ಬೇಸಾಯದ ಮನೆಯಿಂದ ಬಂದವರು, ಗಂಡನದು ಮಂಡಿ ಮೊಹಲ್ಲಾದಲ್ಲಿ ಸಗಟು ವ್ಯಾಪಾರ. ಒಂದು ದಸರಾದಲ್ಲಿ ಮಾವ ಕೊಟ್ಟ ಅದೇ ಉಂಗುರದ ಸೇವಂತಿಗೆ ಗಿರಿಜಮ್ಮನ ತೋಟಕ್ಕೆ ಮೊದಲ ಬಹುಮಾನ ತಂದಿತು. ಅತ್ತೆಗೆ ಸಮಾಧಾನಕರ ಬಹುಮಾನ.

“ಬಹುಮಾನ ಬಂದಿದ್ದು ನನ್ನ ಗಿಡಕ್ಕೇ ತಾನೇ?” ಎಂದು ಮಾವ ಸಂಭ್ರಮಪಟ್ಟರು.

“ಹೌದು, ಫೋಟೋ ಬಂದಿದ್ದು ಅವರದು” ಎಂದರು ಅತ್ತೆ. ಅವತ್ತಿನಿಂದ ಗಿರಿಜಮ್ಮನ ಮನೆ ಕಡೆ ಅವರು ತಲೆಹಾಕಲಿಲ್ಲ. ದಾರಿಯಲ್ಲಿ ಸಿಕ್ಕರೆ ಚಾಮುಂಡಿ ಬೆಟ್ಟವನ್ನೇ ಹೊಸದಾಗಿ ಕಂಡವರ ಹಾಗೆ ಆ ಕಡೆ ಮುಖ ಮಾಡಿಕೊಂಡು ನಡೆಯುತ್ತಿದ್ದರು.

ಆಮೇಲೆ ಒಂದು ಚಳಿಗಾಲದಲ್ಲಿ ಮಾವ ತೀರಿಕೊಂಡರು. ಹೆಚ್ಚು ನರಳಲಿಲ್ಲ. ಆ ವರ್ಷದ ಹೂಗಳನ್ನು ಒಣಗಿಸಿ, ಬೀಜ ಉದುರಿಸಿ, ಒಂದು ಹೋಮಿಯೋಪತಿ ಮಾತ್ರೆಯ ಶೀಶೆಯಲ್ಲಿ ತುಂಬಿಟ್ಟಿದ್ದರು. ಕರ್ಮಾಂತರಗಳೆಲ್ಲ ಮುಗಿದ ಮೇಲೆ ಅತ್ತೆ ಮಾಡಿಸಿದ ಮೊದಲ ಕೆಲಸ ಗುಂಡಿಯನ್ನು ಮುಚ್ಚಿಸಿದ್ದು. ಮೇಲೊಂದು ಒಗೆಯುವ ಕಲ್ಲು ಹಾಕಿಸಿದರು. ಇಷ್ಟು ವರ್ಷ ಬೈದುಕೊಂಡು ಬಂದ ಗುಂಡಿ ತಾನೇ, ನನಗೆ ವಿಚಿತ್ರವೆನಿಸಲಿಲ್ಲ. ಅದರ ಮುಂದೆ ಯಾರೂ ನಿಂತಿರದ ಸಂಜೆಯನ್ನು ಅಡುಗೆಮನೆಯ ಕಿಟಕಿಯಿಂದ ನೋಡಲಾರದೆ ಮುಚ್ಚಿಸಿದ್ದರು ಎಂಬುದು ಹೊಳೆಯಲು ನನಗೂ ವಯಸ್ಸಾಗಬೇಕಾಯಿತು.

ಮಳೆಗಾಲ ಹತ್ತಿರವಾಯಿತು. ಶೀಶೆಯ ಬೀಜ ಬಿತ್ತಬೇಕು. ಆ ಬೀಜ ಹೆಚ್ಚು ಕಾಲ ಇಟ್ಟರೆ ಹುಟ್ಟುವುದಿಲ್ಲ. ಮನೆಯಲ್ಲಿ ಗೊಬ್ಬರವಿಲ್ಲ. ಗಾಡಿಯಲ್ಲಿ ಗೊಬ್ಬರ ಮಾರಿಕೊಂಡು ಬಂದವನೊಬ್ಬನನ್ನು ಅತ್ತೆ ನಿಲ್ಲಿಸಿದರು. ನಾನೂ ಕಾಫಿ ಲೋಟ ಹಿಡಿದು ಗೇಟಿನ ಬಳಿ ನಿಂತಿದ್ದೆ.

“ಚೆನ್ನಾಗಿ ಕಳಿತಿದೆಯೇನಯ್ಯ?”

“ದಮ್ ಬಿರಿಯಾನಿ ಆದಂಗೆ ಆಗೈತೆ ಕಣಮ್ಮ. ಮುಟ್ಟಿ ನೋಡಿ, ಉದುರುದುರು.”

“ನನ್ನ ಮುಂದೆ ಹೇಳೋದಕ್ಕೆ ಬೇರೆ ಯಾವ ಅಡುಗೆನೂ ಸಿಗಲಿಲ್ವೇ ನಿಂಗೆ?”

“ಪುಳಿಯೋಗರೆ ಅಂತಿಟ್ಕಳಿ, ಅದಕ್ಕೇನಂತೆ!”

ಅತ್ತೆ ನಕ್ಕುಬಿಟ್ಟರು. ಮಾವ ಹೋದ ಮೇಲೆ ಅವರು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಆ ನಗುವಿನ ಮೇಲೆಯೇ ವ್ಯಾಪಾರ ಕುದುರಿತು.

ಗೊಬ್ಬರ ಕಪ್ಪಗೆ, ಮಿರಮಿರನೆ ಚೆಂದ ಕಾಣುತ್ತಿತ್ತು. ಮಾವನಾಗಿದ್ದರೆ ಅದನ್ನು ಹಳೆಯ ಮಣ್ಣು, ಮರಳಿನ ಜೊತೆ ಬೆರೆಸಿ, ನೀರು ಹಾಕಿ ಕೆಲವು ದಿನ ಹಾಗೇ ಬಿಟ್ಟು, ಅದರಲ್ಲಿರುವ ಕಳೆಯೆಲ್ಲ ಮೊದಲು ಹುಟ್ಟಿ ಬರಲಿ ಎಂದು ಕಾಯುತ್ತಿದ್ದರು. ಅತ್ತೆ ಅದನ್ನು ನೋಡಿದವರೇ. ಆದರೆ ಅವತ್ತು ಅವರು ಮಣ್ಣು ಬೆರೆಸಲಿಲ್ಲ. “ಅವರ ಬೀಜಕ್ಕೆ ಮಣ್ಣು ಯಾಕೆ ಹಾಕಲಿ, ಒಳ್ಳೇದನ್ನೇ ಹಾಕ್ತೀನಿ” ಎಂದು ಅಗಲವಾದ ಕುಂಡದಲ್ಲಿ ಬರೀ ಗೊಬ್ಬರ ತುಂಬಿ, ಶೀಶೆಯನ್ನು ಪೂರ್ತಿ ಅದರ ಮೇಲೆ ಬೋರಲು ಹಾಕಿದರು. ತಿಥಿಯಡುಗೆಗೆ ತುಪ್ಪ ಸುರಿದ ಹಾಗೆ, ಧಾರಾಳವಾಗಿ.

ಮೊಳಕೆ ಬಂತು. ಬೇಗ ಬಂತು, ಪುಷ್ಟಿಯಾಗಿ ಬಂತು. ಎಲೆ ಸೀಳಿಕೊಂಡು, ನೆಲಕ್ಕೆ ಒತ್ತಿಕೊಂಡು, ಥೇಟ್ ಸೇವಂತಿಗೆಯ ಹಾಗೆಯೇ. ಅತ್ತೆ ಬೆಳಿಗ್ಗೆ ಎದ್ದು ಮೊದಲು ಆ ಕುಂಡವನ್ನು ನೋಡಿ, ಆಮೇಲೆ ಹಾಲು ತರುತ್ತಿದ್ದರು. ಮಜ್ಜಿಗೆ ಪಾತ್ರೆ ತೊಳೆದ ನೀರು ಅದಕ್ಕೇ. ಮಳೆ ಜೋರಾದರೆ ಮಾವನ ಕೊಡೆಯನ್ನು ಬಿಚ್ಚಿ ಅದರ ಮೇಲೆ ನಿಲ್ಲಿಸುತ್ತಿದ್ದರು. ಬೇರೆ ಪಾತಿಗಳಲ್ಲಿ ಕಳೆ ಎದ್ದಿತ್ತು, ಅತ್ತೆ ಅದರ ಕಡೆ ನೋಡುತ್ತಿರಲಿಲ್ಲ.

ಒಂದು ಬೆಳಿಗ್ಗೆ ನಾನು ಗೇಟು ತೆಗೆಯುವಾಗ ಅವರು ಕುಂಡದ ಮುಂದೆ ಮಣೆ ಹಾಕಿಕೊಂಡು ಕೂತಿದ್ದರು.

“ಬಾ ಇಲ್ಲಿ. ನೀನು ಪೇಪರ್‌ನೋನು. ಸಮಾಧಾನಕ್ಕೆ ಅಂತ ಏನೂ ಹೇಳಬೇಡ. ಇದೇನು ಹೇಳು.”

ಸಸಿಗಳು ನೆಟ್ಟಗೆ ಬೆಳೆದು, ತುದಿಯಲ್ಲಿ ಸಾಸಿವೆ ಕಾಳಿನಷ್ಟು ಬಿಳಿಯ ಮೊಗ್ಗುಗಳು ಕಟ್ಟಿದ್ದವು. ಅತ್ತೆ ಒಂದೆಲೆ ಕಿತ್ತು, ಹೊಸಕಿ, ನನ್ನ ಮೂಗಿನ ಬಳಿ ಹಿಡಿದರು. ಸೇವಂತಿಗೆಯ ಎಲೆಗೆ ಹೂವಿನದೇ ವಾಸನೆ ಇರುತ್ತದೆ, ನಿಮಗೂ ಗೊತ್ತಿರಬಹುದು. ಇದರಲ್ಲಿ ಬರೀ ಹಸಿರು ವಾಸನೆ.

“ಪಾರ್ಥೇನಿಯಂ, ಅತ್ತೆ.”

“ಹೂಂ.” ಹೊಸಕಿದ ಎಲೆಯನ್ನು ಕುಂಡಕ್ಕೇ ಹಾಕಿ, “ರಸ್ತೆ ಬದಿ ಎಷ್ಟು ನೋಡಿದೀವಿ. ಕುಂಡದಲ್ಲಿ, ಕೊಡೆ ಕೆಳಗೆ ಯಾವತ್ತೂ ನೋಡಿರಲಿಲ್ಲ ನೋಡು, ಗುರ್ತೇ ಸಿಗಲಿಲ್ಲ” ಎಂದರು.

ಗೊಬ್ಬರವನ್ನು ಕೈಯಿಂದ ಬಗೆದು ನೋಡಿದೆವು. ಮೇಲೆ ಮಾತ್ರ ಕಪ್ಪು. ಅಡಿಯಲ್ಲಿ ಹುಲ್ಲಿನ ಕಡ್ಡಿ, ಕಾಗದದ ಚೂರು, ಇನ್ನೂ ಪೂರ್ತಿ ಕಳಿಯದ ಹಸಿ ಸಗಣಿ. ಮಾವನ ಬೀಜ ಅದರ ಕಾವಿನಲ್ಲಿ ಬೆಂದುಹೋಗಿತ್ತು. ಗೊಬ್ಬರದ ಜೊತೆಗೇ ಬಂದಿದ್ದ, ಕಾವಿಗೆ ಜಗ್ಗದ ಕಳೆಬೀಜ ಆ ಜಾಗ ಹಿಡಿದಿತ್ತು. ಶೀಶೆಯಲ್ಲಿ ಒಂದು ಕಾಳೂ ಉಳಿದಿರಲಿಲ್ಲ. ಅತ್ತೆ ಸೆರಗಿನಿಂದ ಕೈ ಒರೆಸಿಕೊಂಡು, ಮೊಗ್ಗು ಒಡೆಯುವ ಮುಂಚೆ ಒಂದೊಂದೇ ಗಿಡವನ್ನು ಬೇರುಸಮೇತ ಕಿತ್ತರು. ಕೀಳುವಾಗ ಯಾವ ಗಿಡದ ಜೊತೆಗೂ ಮಾತಾಡಲಿಲ್ಲ.

ನಾನು ಕಚೇರಿಗೆ ಹೊರಡಬೇಕಿತ್ತು. ಹೊರಡುವಾಗ ಅವರು ಕೈ ತೊಳೆದು, ಸೀರೆ ಸರಿ ಮಾಡಿಕೊಂಡು, ಚಪ್ಪಲಿ ಮೆಟ್ಟುತ್ತಿದ್ದರು.

“ನಡಿ, ಅಲ್ಲೀತಂಕ ನಾನೂ ಬರ್ತೀನಿ.”

ನನ್ನ ಜೊತೆಗೇ ನಡೆದರು. ಬೀದಿಯ ಕೊನೆಯ ಮನೆಯ ಮುಂದೆ ನಿಂತರು. ಒಳಗೆ ಹೋಗಲೂ ಇಲ್ಲ, ಕರೆಯಲೂ ಇಲ್ಲ. ರಂಗೋಲಿ ಹಾಕುತ್ತಿದ್ದ ಗಿರಿಜಮ್ಮನೇ ತಲೆಯೆತ್ತಿ ನೋಡಿದರು.

“ಏನ್ರೀ ಸರಸಮ್ಮ, ಬೆಟ್ಟ ನೋಡೋದು ಮುಗೀತಾ?”

ಅತ್ತೆಯ ಮುಖ ಕೆಂಪಾಯಿತು. ವಾಪಸು ತಿರುಗುತ್ತಾರೆ ಎಂದುಕೊಂಡೆ. “ಅವರ ಸೇವಂತಿಗೆ ನಮ್ಮನೇಲಿ ಹೋಯ್ತು ಗಿರಿಜಮ್ಮ” ಎಂದರು. “ಒಂದೂ ಇಲ್ಲ. ನಿಮ್ಮ ಹತ್ರ ಇದೆಯಾ ಅಂತ.”

ಗಿರಿಜಮ್ಮ ರಂಗೋಲಿ ಡಬ್ಬಿ ಕೆಳಗಿಟ್ಟರು. “ಅಯ್ಯೋ, ಅದ್ಯಾಕ್ರೀ ಅಲ್ಲೇ ನಿಂತ್ಬುಟ್ರಿ, ಬನ್ನಿ ಒಳೀಕೆ. ಅವರು ಕೊಟ್ಟಿದ್ದೇ ಅಲ್ವಾ, ನಂದೇನೈತೆ ಅದ್ರಲ್ಲಿ? ವರ್ಷವರ್ಷ ಬೀಜ ಮಾಡ್ತಾವ್ನಿ. ಆದ್ರೆ ಒಂದು ಮಾತು ಮೊದ್ಲೇ ಏಳ್ಬುಡ್ತೀನಿ. ಪಕ್ಕದಲ್ಲಿ ನಮ್ ಬಿಳೀದೂ ಇತ್ತು. ಬೆರ್ತ್‌ಹೋಗೈತೆ. ಆ ಉಂಗ್ರ ಈಗ ಅಂಗಿಲ್ಲ ಕಣ್ರೀ. ಆಮೇಲೆ ನನ್ನ ಬೈಬಾರ್ದು.”

ಅತ್ತೆ ಒಳಗೆ ಹೋದರು. ನನಗೆ ಅವತ್ತು ಕಚೇರಿಯ ಮೀಟಿಂಗಿಗೆ ತಡವಾಯಿತು.

ಆ ದಸರಾಕ್ಕೆ ಅತ್ತೆ ಸ್ಪರ್ಧೆಗೆ ಹೆಸರು ಕೊಡಲಿಲ್ಲ. ಗಿರಿಜಮ್ಮ ಕೊಟ್ಟ ಸಸಿ ಹೂಬಿಟ್ಟಿದ್ದು ದೀಪಾವಳಿಯ ಹೊತ್ತಿಗೆ. ಮೊದಲ ಹೂವು ಅರಳಿದ ದಿನ ಇಬ್ಬರೂ ಪಾತಿಯ ಎರಡು ಬದಿಗೆ ಕೂತು ಕಳೆ ಕೀಳುತ್ತಿದ್ದರು. ಹೂವು ತಿಳಿಹಳದಿ. ಬುಡದಲ್ಲಿ ಉಂಗುರವಿಲ್ಲ, ಕಾಫಿಯ ಕಲೆಯಂಥ ಒಂದು ಮಸುಕು ಮಾತ್ರ.

“ಏಳಿದ್ನಲ್ಲ” ಎಂದರು ಗಿರಿಜಮ್ಮ, ತಪ್ಪು ತಮ್ಮದೇ ಎನ್ನುವ ಹಾಗೆ.

ಅತ್ತೆ ಹೂವನ್ನು ಬಾಗಿಸಿ ತುಂಬಾ ಹೊತ್ತು ನೋಡಿದರು. “ಇರ್ಲಿ ಬಿಡಿ. ಅವರಿದ್ದಿದ್ರೂ ಇಷ್ಟೊತ್ತಿಗೆ ಒಂಚೂರು ಬದಲಾಗಿರೋರು.”

ಆಮೇಲೆ ಗುಂಡಿಯ ಮೇಲಿನ ಕಲ್ಲು ಪಕ್ಕಕ್ಕೆ ಸರಿಯಿತು. ಕವೆಗೋಲು ಅತ್ತೆಯ ಕೈಗೆ ಭಾರ, ಹಾಗಾಗಿ ಗಿರಿಜಮ್ಮ ಹಿಡಿಯುತ್ತಿದ್ದರು. ವಾಸನೆಯ ಬಗ್ಗೆ ದೂರುವ ಕೆಲಸವನ್ನು ಅತ್ತೆ ಎಂದಿನಂತೆ ತಾವೇ ಉಳಿಸಿಕೊಂಡರು.

ಇಬ್ಬರೂ ಈಗಿಲ್ಲ. ಆ ಹೂವಿನ ಬೀಜ ಮಾತ್ರ ನನ್ನಲ್ಲಿಗೆ ಬಂದಿದೆ, ಇಷ್ಟು ವರ್ಷ ಅದನ್ನು ನಮ್ಮ ತಾರಸಿಯಿಂದ ಕೆಳಗಿಳಿಯಲು ನಾನು ಬಿಟ್ಟಿರಲಿಲ್ಲ. ಬೆರೆತುಹೋದೀತು ಎಂಬ ಭಯ. ಇವತ್ತು ಬೆಳಿಗ್ಗೆ ಚೀಲದ ಕಳೆಯನ್ನು ಕಿತ್ತೆಸೆದ ಮೇಲೆ, ಬೀಜ ಹಾಕಿದ ತಟ್ಟೆಯಲ್ಲಿ ಎದ್ದಿದ್ದ ಸೇವಂತಿಗೆ ಸಸಿಗಳಲ್ಲಿ ಅರ್ಧವನ್ನು ಎಬ್ಬಿಸಿ, ಒದ್ದೆ ಕಾಗದದಲ್ಲಿ ಸುತ್ತಿಕೊಂಡು ಮೆಟ್ಟಿಲಿಳಿದೆ. ಕೆಳಗಿನ ಮನೆಗೆ ಹೊಸದಾಗಿ ಬಂದ ನರ್ಸ್ ಹುಡುಗಿ ರಾತ್ರಿಪಾಳಿ ಮುಗಿಸಿ ಆಗಷ್ಟೇ ಬೀಗ ತೆಗೆಯುತ್ತಿದ್ದಳು. ಕಿಟಕಿಯ ಕೆಳಗೆ ಅವಳದೂ ಕೆಲವು ಕುಂಡಗಳಿವೆ.

“ಸೇವಂತಿಗೆ. ಬರೀ ಗೊಬ್ಬರದಲ್ಲಿ ನೆಡಬೇಡಮ್ಮ, ಮಣ್ಣು ಬೆರೆಸು.”

“ಥ್ಯಾಂಕ್ಸ್ ಅಂಕಲ್. ಯಾವ ಬಣ್ಣ ಬರುತ್ತೆ?”

ವೃತ್ತಿಯುದ್ದಕ್ಕೂ ಖಚಿತವಿಲ್ಲದ್ದನ್ನು ಹೇಳದೆ ಬಂದವನು ನಾನು.

“ಗೊತ್ತಿಲ್ಲ” ಎಂದೆ. “ಬಿಟ್ಟಾಗ ನನ್ನನ್ನೂ ಕರಿ.”