ಐದನೇ ಆಣೆ

ಕೇಳಿ ಮಹಾಜನಗಳೇ, ಅಳತೆಯ ಲೆಕ್ಕ ನನಗೆ ನೀರು ಕುಡಿದಷ್ಟು ಸುಲಭ ಅಂತ ಇವತ್ತು ಬೆಳಿಗ್ಗೆವರೆಗೂ ಬೀಗುತ್ತಿದ್ದೆ.

ಹೆಮ್ಮಿಗೆಯಲ್ಲಿ ನಮ್ಮ ದೊಡ್ಡಪ್ಪನ ಗದ್ದೆ ಅಳೆಯಲು ಸರ್ವೆಯರ್ ಬಂದಿದ್ದರು. ದೊಡ್ಡಪ್ಪ ಬದು ಸರಿಸಿದ್ದಾರೆ ಅಂತ ಪಕ್ಕದ ಗದ್ದೆಯ ಮಾದೇವಣ್ಣನ ದೂರು. ಹಳೇ ನಕ್ಷೆಯಲ್ಲಿ ಗದ್ದೆಯ ಅಗಲ "ಎರಡು ಚೈನು ನಾಲ್ಕು ಆಣೆ" ಅಂತಿತ್ತು. ಚೈನು ಅಂದರೆ ಮೂವತ್ಮೂರು ಅಡಿ. ಅದರ ಹದಿನಾರರಲ್ಲೊಂದು ಪಾಲಿಗೆ ಆಣೆ ಅಂತ ಹೆಸರು. ನಾನು ಗಣಿತದ ಮೇಷ್ಟ್ರು, ಸುಮ್ಮನಿರ್ತೀನಾ? ಮೊಬೈಲ್ ತೆಗೆದು, "ಇಪ್ಪತ್ತೆರಡು ಪಾಯಿಂಟ್ ಆರು ಮೂರು ಮೀಟರ್, ಸಾ" ಅಂದೆ.

ಟೇಪು ಎಳೆದರೆ ಬದು ಇನ್ನೂ ಅರವತ್ತಮೂರು ಸೆಂಟಿಮೀಟರ್, ಅಂದರೆ ಸರಿಯಾಗಿ ಒಂದು ಆಣೆಯಷ್ಟು ಆಚೆಗೆ, ಮಾದೇವಣ್ಣನ ಭತ್ತದೊಳಗೆ ಕೂತಿತ್ತು.

ದೊಡ್ಡಪ್ಪ ಎದೆ ಮುಟ್ಟಿಕೊಂಡು ಕೂಗಿದರು: "ಒಂದ್ ಬೆಳ್ಳಷ್ಟೂ ಸರ್ಸಿಲ್ಲ ಸಾ, ನಂಜುಂಡಪ್ಪನ್ ಆಣೆ!"

ಸರ್ವೆಯರ್ ನಕ್ಷೆಯಿಂದ ತಲೆಯನ್ನೇ ಎತ್ತಲಿಲ್ಲ. "ಯಜಮಾನ್ರೇ, ನಕ್ಷೇಲಿರೋದು ನಾಲ್ಕೇ ಆಣೆ. ಈ ಐದ್ನೇದು ನೀವಾಗೇ ಹಾಕ್ಕೊಂಡಿರೋದು."

ಲೆಕ್ಕ ಹೇಳಿದ ತಪ್ಪಿಗೆ ದೊಡ್ಡಪ್ಪನ ಮನೆಯಲ್ಲಿ ನನಗೆ ಮಧ್ಯಾಹ್ನದ ಊಟ ಬಂದ್.

ಇರಲಿ, ನಾಳೆ ಏಳನೇ ಕ್ಲಾಸಿಗೆ ಹೊಸ ಕೋಷ್ಟಕ ಸಿಕ್ಕಿತು: ಒಂದು ದೇವರಾಣೆಗೆ ಅರವತ್ತಮೂರು ಸೆಂಟಿಮೀಟರ್, ಅದೂ ಪಕ್ಕದವನ ಗದ್ದೆಯಲ್ಲಿ.