ಕಾಕಾರ ಸಾರಿನ ರುಚಿ ನೋಡಿದವಳು

ಮೊನ್ನೆ ಶುಕ್ರವಾರ ಮಗಳು ಹಟ ಹಿಡಿದು ನನ್ನನ್ನು ಕತಾರಿನ ಲುಸೈಲಿನಲ್ಲಿ ಹೊಸದಾಗಿ ತೆರೆದ ಜಪಾನಿ ನೂಡಲ್ಸ್ ಅಂಗಡಿಗೆ ಕರೆದುಕೊಂಡು ಹೋದಳು. ಬಟ್ಟಲು ಮೇಜಿಗೆ ಬಂತು, ಅವಳು ಮುಚ್ಚಳ ತೆಗೆದಳು, ಆವಿ ನನ್ನ ಮುಖಕ್ಕೆ ಹೊಡೆಯಿತು. ಒಣಗಿಸಿ ಹೊಗೆ ಹಾಕಿದ ಮೀನಿನ ವಾಸನೆ. ಉಡುಪಿ ಕಡೆಯ ಮೀನು ತಿನ್ನುವ ಮನೆಯಲ್ಲಿ ಹುಟ್ಟಿದವಳಿಗೆ ಅದು ಬಾಯಲ್ಲಿ ನೀರೂರಿಸಬೇಕಿತ್ತು. ನಾನು ಬಟ್ಟಲನ್ನು ಅವಳ ಕಡೆಗೆ ಸರಿಸಿದೆ. "ಮಮ್ಮಿ, ಬೇಡಾದ್ರೆ ಬೇರೆ ಆರ್ಡರ್ ಮಾಡುವ" ಎಂದಳು ಮಗಳು. ಅವಳಿಗೆ ಕೆಳಗಿನ ಮನೆಯ ಕಾಕಾ ಚೆನ್ನಾಗಿ ನೆನಪಿದ್ದಾರೆ. ಆದರೆ ಜಪಾನಿನಲ್ಲಿ ನಾನು ಅವರಿಗೆ ಏನು ಮಾಡಿದೆ ಎಂಬುದನ್ನು ಅವಳಿಗಾಗಲಿ, ನನ್ನ ಗಂಡನಿಗಾಗಲಿ ಆವರೆಗೂ ಹೇಳಿರಲಿಲ್ಲ.

ಅಲ್ ರಯ್ಯಾನಿನ ನಮ್ಮ ಕಟ್ಟಡದಲ್ಲಿ ಕಾಕಾ ನಮ್ಮ ಕೆಳಗಿನ ಮಹಡಿಯಲ್ಲಿದ್ದರು. ಗದಗಿನ ಕಡೆಯವರು. ಮೆಸಯೀದಿನ ಕಾರ್ಖಾನೆಯಲ್ಲಿ ಪೈಪುಗಳ ಬೆಸುಗೆ ಪರೀಕ್ಷಿಸುವ ಕೆಲಸ. ನನ್ನ ಗಂಡನೂ ಅಲ್ಲೇ, ಇಬ್ಬರಿಗೂ ಒಂದೇ ಕಂಪನಿ ಬಸ್ಸು. ಕಾಕಾರ ಹೆಂಡತಿ ಊರಿನಲ್ಲಿ ಹೈಸ್ಕೂಲಿನ ಹೆಡ್‌ಮಿಸ್ಟ್ರೆಸ್, ಕೆಲಸ ಬಿಟ್ಟು ಈ ಮರಳಿಗೆ ಬರಲು ಒಪ್ಪಿದವರಲ್ಲ. ಹಾಗಾಗಿ ಕಾಕಾ ಇಲ್ಲಿ ಒಬ್ಬರೇ. ಕೊರಳಲ್ಲಿ ಲಿಂಗ, ಬಸ್ಸು ಬರುವ ಮೊದಲೇ ಪೂಜೆ. ನಮ್ಮಲ್ಲಿ ಮೀನು ಹುರಿದ ದಿನ ಮೆಟ್ಟಿಲಲ್ಲಿ ಎದುರಾದರೆ, "ಇವತ್ತ ನಿಮ್ಮ ಮನ್ಯಾಗ ಸಮುದ್ರ ಬಂದೈತಿ" ಎಂದು ನಗುತ್ತಾ ಇಳಿದು ಹೋಗುತ್ತಿದ್ದರು. ಅವರ ಚಹಾಕ್ಕೆಂದೇ ನಾನೊಂದು ಪಾತ್ರೆ ಬೇರೆ ಇಟ್ಟಿದ್ದೆ.

ಕಾರ್ಖಾನೆಗೆ ಬಂದಿದ್ದ ಜಪಾನಿ ಎಂಜಿನಿಯರ್ ಒಬ್ಬ ಅವರಿಗೆ ತನ್ನ ಊರಿನ ಚಿತ್ರಗಳನ್ನು ತೋರಿಸಿದ್ದನಂತೆ. ಗುಡ್ಡದ ಮೇಲೆ ಕಲ್ಲು ಹಾಸಿದ ದಾರಿ, ಕೆಳಗೆ ಗದ್ದೆ, ಏಳೆಂಟು ಜನರ ಗುಂಪುಗಳು ಒಂದು ಹಳ್ಳಿಯಿಂದ ಇನ್ನೊಂದಕ್ಕೆ ನಡೆದು ರಾತ್ರಿ ಮರದ ಮನೆಗಳಲ್ಲಿ ತಂಗುವುದು. ಇಪ್ಪತ್ತಾರು ವರ್ಷ ಸಪಾಟು ನೆಲವನ್ನೇ ನೋಡಿದ ಮನುಷ್ಯನಿಗೆ ಅದು ತಲೆಗೆ ಹತ್ತಿತು. ನಿವೃತ್ತಿಯಾಗಿ ಊರಿಗೆ ಹೊರಡುವ ಮೊದಲು ಅಲ್ಲೊಮ್ಮೆ ನಡೆಯಲೇಬೇಕು ಎಂದು ಪಟ್ಟು ಹಿಡಿದರು. ನಾನು, ನನ್ನ ಗಂಡ, ಕಾಕಾ, ಮೂವರೂ ಹೆಸರು ಕೊಟ್ಟೆವು. ಹೊರಡಲು ಹತ್ತು ದಿನ ಇರುವಾಗ ಪ್ಲಾಂಟಿನಲ್ಲಿ ದುರಸ್ತಿಯ ಶಟ್‌ಡೌನ್ ಬಂದು ಗಂಡನ ರಜೆ ರದ್ದು. "ಕಾಕಾ ಇದ್ದಾರಲ್ಲ, ನೀನು ಹೋಗು ಮಾರಾಯ್ತಿ" ಎಂದರು. ನಾನು ಹೆದರುಪುಕ್ಕಲಿ. ಮಗಳ ಬಸ್ಸು ಐದು ನಿಮಿಷ ತಡವಾದರೆ ಆಸ್ಪತ್ರೆಯವರೆಗೆ ಯೋಚಿಸುವವಳು. ಹೊರಡುವ ಹಿಂದಿನ ದಿನ ಕಾಕಾರ ಹೆಂಡತಿ ಫೋನ್ ಮಾಡಿದರು.

"ಅವರ ಬಾಯಾಗ ಅಂಥಾದ್ದೇನೂ ಹೋಗದಂಗ ನೋಡ್ಕೋ ತಂಗಿ. ಅವರಿಗೆ ತಿಳಿಯೂದಿಲ್ಲ. ನಿನ್ನ ಮ್ಯಾಲ ಬಿಟ್ಟೀನಿ."

ಆಯಿತು ಎಂದೆ. ಅಷ್ಟು ಸಲೀಸಾಗಿ ಯಾಕೆ ಒಪ್ಪಿದೆನೋ...

ಗುಂಪಿನಲ್ಲಿ ನಾವು ಎಂಟು ಜನ, ಜೊತೆಗೆ ದಾರಿ ತೋರಿಸುವ ಒಬ್ಬಳು ಜಪಾನಿ ಹೆಂಗಸು. ನಮ್ಮಿಬ್ಬರನ್ನು ಬಿಟ್ಟರೆ ಉಳಿದವರೆಲ್ಲ ಬೇರೆ ಬೇರೆ ದೇಶದವರು. ಕಾಕಾ ಸಸ್ಯಾಹಾರಿ ಎಂದು ಮೊದಲೇ ಬರೆದು ತಿಳಿಸಿದ್ದೆವು. ಮೊದಲ ರಾತ್ರಿ ಊಟಕ್ಕೆ ಕೂತಾಗ ಅವರ ಮುಂದೆ ಮೀನಿನ ತುಂಡೇನೂ ಇರಲಿಲ್ಲ, ನಿಜ. ಆದರೆ ಸಾರಿನಲ್ಲಿ, ಬೇಯಿಸಿದ ಮೂಲಂಗಿಯಲ್ಲಿ, ಅದ್ದಿಕೊಳ್ಳುವ ಕಪ್ಪು ನೀರಿನಲ್ಲಿ, ಎಲ್ಲದರಲ್ಲೂ ಒಣಮೀನಿನ ರಸ. ನನ್ನ ಮೂಗಿಗೆ ಕೂಡಲೇ ಗೊತ್ತಾಯಿತು. ಆ ಹೆಂಗಸನ್ನು ಕೇಳಿದೆ. ಹೌದು, ರುಚಿಗೆ ಸ್ವಲ್ಪ, ಇಲ್ಲಿ ಅದಿಲ್ಲದೆ ಅಡುಗೆಯೇ ಇಲ್ಲ ಎಂದು ಮುಖ ಸಣ್ಣದು ಮಾಡಿಕೊಂಡಳು.

ಕಾಕಾರಿಗೆ ಹೇಳಿದೆ. ಅವರು ಸಿಟ್ಟಾಗಲಿಲ್ಲ, ತಟ್ಟೆಗಳನ್ನು ಮೆಲ್ಲಗೆ ಸರಿಸಿ ಚೀಲದಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ತೆಗೆದರು. ಅಲ್ಲಿಂದ ಒಂದು ಏರ್ಪಾಡಾಯಿತು. "ನಿನಗ ಮೀನಿನ ವಾಸನಿ ಗೊತ್ತಾಗತೈತಿ, ನನಗ ಗೊತ್ತಾಗಂಗಿಲ್ಲ. ನೀ ಮೊದಲ ಒಂದ ಗುಟುಕ ಕುಡದು ಹೇಳವ್ವಾ" ಎಂದರು. ಮೀನು ತಿನ್ನುವವಳೇ ಅವರ ವ್ರತ ಕಾಯುವವಳಾದೆ. ಪ್ರತಿ ಊಟದಲ್ಲೂ ಬೇರೆ ಚಮಚದಲ್ಲಿ ತೆಗೆದು ನಾನು ರುಚಿ ನೋಡುವುದು, ಬೇಡ ಎಂದು ತಲೆ ಆಡಿಸುವುದು, ಅವರು ಬಟ್ಟಲನ್ನು ನನ್ನ ಕಡೆಗೇ ದೂಡುವುದು. ರೊಟ್ಟಿ ಇದೆಯಲ್ಲ ಎಂದು ನಾನು ಧೈರ್ಯವಾಗಿದ್ದೆ. ಆದರೆ ಈ ಪುಣ್ಯಾತ್ಮರು ದಾರಿಯಲ್ಲಿ ಕೂತಲ್ಲೆಲ್ಲ ಎಲ್ಲರಿಗೂ ರೊಟ್ಟಿ ಮುರಿದು ಹಂಚಿದರು. ಗುಂಪಿನವರು ಚಟ್ನಿಪುಡಿಯನ್ನು ಬೆರಳು ಚೀಪಿ ತಿಂದರು. ಎಂಟು ದಿನಕ್ಕೆಂದು ತಂದದ್ದು ಎರಡೇ ದಿನಕ್ಕೆ ಖಾಲಿ.

ಮೂರನೆಯ ದಿನ ಬರೇ ಅನ್ನ, ಅದೂ ನಾಲ್ಕು ತುತ್ತು. ನಾನು ಬೇಡ ಬೇಡ ಎಂದು ಅವರಿಗೆ ಎಲ್ಲದರ ಮೇಲೂ ಸಂಶಯ ಹುಟ್ಟಿಸಿಬಿಟ್ಟಿದ್ದೆ. ಸಕ್ಕರೆ ಕಾಯಿಲೆಯ ಮಾತ್ರೆ ಮಾತ್ರ ತಪ್ಪದೆ ನುಂಗುತ್ತಿದ್ದರು. ಸ್ವಲ್ಪ ಕಡಿಮೆ ನುಂಗಿ ಎಂದರೆ, ಡಾಕ್ಟರು ಬರೆದದ್ದು ಬರೆದದ್ದೇ ಎಂದು ಕೇಳಲಿಲ್ಲ.

ಆವತ್ತಿನ ದಾರಿ ದಟ್ಟ ಮರಗಳ ನಡುವೆ ಏರು. ಕಲ್ಲಿನ ಮೇಲೆ ಪಾಚಿ. ಒಂದು ಬದಿ ಗುಡ್ಡ, ಇನ್ನೊಂದು ಬದಿ ಕೆಳಗೆ ತೊರೆಯ ಸದ್ದು ಕೇಳುತ್ತದೆ, ತೊರೆ ಕಾಣುವುದಿಲ್ಲ. ಕಾಕಾ ನನ್ನ ಮುಂದಿದ್ದರು. ಮಾತು ನಿಂತು ಬಹಳ ಹೊತ್ತಾಗಿದೆ ಎಂದು ನನಗೆ ಹೊಳೆಯುವಷ್ಟರಲ್ಲಿ ಅವರು ತೊರೆಯ ಬದಿಗೇ ವಾಲಿದರು. ಆ ಜಪಾನಿ ಹೆಂಗಸು ಅದು ಹೇಗೆ ಹಾರಿ ಬಂದಳೋ, ಅವರ ಚೀಲದ ಪಟ್ಟಿ ಹಿಡಿದು ಎಳೆದಳು. ಇಬ್ಬರೂ ಕಲ್ಲಿನ ಮೇಲೆ ಕುಸಿದರು. ಕಾಕಾರ ಅಂಗಿ ಬೆವರಿನಿಂದ ಒದ್ದೆ, ಕೈ ಮುಟ್ಟಿದರೆ ತಣ್ಣಗೆ, ಕಣ್ಣು ನನ್ನನ್ನು ನೋಡುತ್ತಿದ್ದರೂ ಗುರುತಿಲ್ಲ. ಸಕ್ಕರೆ ಇಳಿದಿದೆ ಎಂದು ಹೊಳೆಯಿತು. ಚೀಲದಲ್ಲಿದ್ದ ಖರ್ಜೂರವನ್ನು ಚೂರು ಮಾಡಿ ಬಾಯಿಗಿಟ್ಟೆ. ಗಾಡಿ ಬರುವ ರಸ್ತೆಗೆ ಇನ್ನೂ ಎರಡು ತಾಸಿನ ನಡಿಗೆ. ಅವರ ಹೆಂಡತಿಗೆ ಏನೆಂದು ಫೋನ್ ಮಾಡಲಿ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಸುಮಾರು ಹೊತ್ತಿನ ಮೇಲೆ ಕಾಕಾ, "ಯಾಕ ಅಳತೀ, ನಾ ಇನ್ನೂ ಅದೀನಿ" ಎಂದರು. ಉಳಿದ ದಾರಿಯನ್ನು ಅವರು ನನ್ನ ಭುಜ ಹಿಡಿದು ನಡೆದರು.

ಆ ಸಂಜೆ ತಂಗಿದ ಮನೆಯ ಅಜ್ಜಿ ದೊಡ್ಡ ಬಟ್ಟಲಿನಲ್ಲಿ ಸಾರು ತಂದಿಟ್ಟಳು. ತೋಫು, ಮೂಲಂಗಿ, ಅಣಬೆ, ಬಿಸಿ ಬಿಸಿ. ಕಾಕಾ ಇನ್ನೂ ಗೋಡೆಗೆ ಒರಗಿಯೇ ಕೂತಿದ್ದರು. ಕೂತಲ್ಲಿಂದಲೇ ಬಟ್ಟಲನ್ನು ನನ್ನ ಮುಂದೆ ಹಿಡಿದರು. ಒಂದು ಚಮಚ ಬಾಯಿಗೆ ಹಾಕಿಕೊಂಡೆ. ಮೀನಿತ್ತು. ಸಂಶಯಕ್ಕೆ ಎಡೆಯೇ ಇರಲಿಲ್ಲ, ಘಂ ಎನ್ನುವ ಹಾಗೆ ಇತ್ತು.

"ಏನಿಲ್ಲ ಕಾಕಾ. ಬರೇ ತರಕಾರಿ."

ಅವರು ಎರಡು ಬಟ್ಟಲು ಕುಡಿದರು. ತೋಫು, ಮೂಲಂಗಿ ಎಲ್ಲ ಖಾಲಿ ಮಾಡಿ, "ನಮ್ಮ ಕಟ್ಟಿನ ಸಾರ ಇದ್ದಂಗ ಐತಿ" ಎಂದು ತೃಪ್ತಿಯಿಂದ ಮೀಸೆ ಒರೆಸಿಕೊಂಡರು. ಮುಖಕ್ಕೆ ಬಣ್ಣ ಬಂತು. ಜಪಾನಿ ಹೆಂಗಸು ನನ್ನ ಕಡೆ ನೋಡುತ್ತಿದ್ದಳು. ನಾನು ತಲೆ ಎತ್ತಲಿಲ್ಲ.

ಆಮೇಲಿನ ಐದು ದಿನವೂ ಹಾಗೆಯೇ. ಅವರು ಬಟ್ಟಲು ಒಡ್ಡುವುದು, ನಾನು ರುಚಿ ನೋಡಿ ಅದೇ ಸುಳ್ಳು ಹೇಳುವುದು. ಕಾಕಾ ಗುಂಪಿನ ಮುಂದೆ ಮುಂದೆ ನಡೆದರು, ಗದ್ದೆಯ ಅಜ್ಜಂದಿರ ಜೊತೆ ಕನ್ನಡದಲ್ಲೇ ಮಾತಾಡಿದರು. ಅವರನ್ನು ಅಷ್ಟು ಖುಷಿಯಾಗಿ ಕತಾರಿನಲ್ಲಿ ನಾನು ಯಾವತ್ತೂ ನೋಡಿರಲಿಲ್ಲ. ನನಗೆ ಮಾತ್ರ ಸಂಜೆಯ ಊಟವೆಂದರೆ ಹೆದರಿಕೆ. ಗುಂಪಿನವರು ಯಾರಾದರೂ ಬಾಯಿ ತಪ್ಪಿ ಫಿಶ್ ಎಂದರೆ ಏನು ಗತಿ ಎಂದು ಅವರ ಪಕ್ಕ ಬೇರೆ ಯಾರೂ ಕೂರದ ಹಾಗೆ ನೋಡಿಕೊಳ್ಳುತ್ತಿದ್ದೆ.

ದೋಹಾಕ್ಕೆ ಮರಳಿದ ಮೇಲೆ ಅದು ಮುಗಿಯುತ್ತದೆ ಎಂದುಕೊಂಡಿದ್ದೆ. ಎಲ್ಲಿಯ ಮುಗಿಯುವುದು... ಶುಕ್ರವಾರ ಯಾರ ಮನೆಗೆ ಊಟಕ್ಕೆ ಹೋದರೂ ಕಾಕಾ ಆ ಸಾರಿನ ಕಥೆ ತೆಗೆಯುತ್ತಿದ್ದರು. ನನಗೆ ಮಾಡಿಕೊಡು ಎನ್ನುತ್ತಿದ್ದರು. ಸಾಮಾನು ಸಿಗುವುದಿಲ್ಲ ಎಂದು ನಾನು ತಪ್ಪಿಸಿಕೊಂಡೆ. ಆರು ತಿಂಗಳಿಗೆ ಅವರು ವೀಸಾ ರದ್ದು ಮಾಡಿಸಿ ಶಾಶ್ವತವಾಗಿ ಊರಿಗೆ ಹೊರಟರು. ವಿಮಾನ ನಿಲ್ದಾಣದಲ್ಲಿ ಹೇಳಿಬಿಡಬೇಕೆಂದು ಮನೆಯಿಂದಲೇ ಮಾತು ಜೋಡಿಸಿಕೊಂಡು ಹೋಗಿದ್ದೆ. ಅವರು ನನ್ನ ಗಂಡನ ಬೆನ್ನು ತಟ್ಟಿ, "ನಿನ್ನ ಹೆಂಡತಿ ಇಲ್ಲದಿದ್ರ ನಾ ಆ ಗುಡ್ಡದಾಗ ಖಲಾಸ್" ಎಂದರು. ಹುಷಾರಾಗಿ ಹೋಗಿ ಎಂದಷ್ಟೇ ಹೇಳಿ ಕೈ ಮುಗಿದೆ. ಒಂದು ವರ್ಷದ ಮೇಲೆ ಸುದ್ದಿ ಬಂತು. ಬೆಳಿಗ್ಗೆ ಪೂಜೆಗೆ ಕೂತಲ್ಲೇ, ಹೃದಯಾಘಾತ.

ನೂಡಲ್ಸ್ ಅಂಗಡಿಗೆ ಹೋಗಿ ಬಂದ ಮೂರನೆಯ ದಿನ ಅವರ ಹೆಂಡತಿ ಫೋನ್ ಮಾಡಿದರು. "ನಾಡದು ಅವರದು ವರ್ಷದ ಪೂಜಿ ತಂಗಿ. ಎಡಿಗೆ ಅವರಿಗೆ ಸೇರೂದೆಲ್ಲಾ ಮಾಡಾಕತ್ತೀವಿ. ಆ ಜಪಾನದ ಸಾರು ಹೆಂಗ ಮಾಡ್ತಾರ ಹೇಳು. ಕಡೀತನಕಾ ಅದನ್ನ ನೆನಸ್ತಿದ್ರು."

ಅಣಬೆ, ತೋಫು ಹಾಕಿ ಕುದಿಸಿ ಎನ್ನಬಹುದಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಆ ಸುಳ್ಳು ಈಗ ಅವರ ಫೋಟೋದ ಮುಂದೆ ಎಡೆಯಾಗಿ ಬೀಳುತ್ತದೆ ಎನಿಸಿತು. "ಅಕ್ಕಾ, ಅದರಲ್ಲಿ ಮೀನಿತ್ತು. ನಂಗೆ ಗೊತ್ತಿತ್ತು. ಗೊತ್ತಿದ್ದೇ ಕುಡಿಸಿದ್ದು" ಎಂದೆ. ಗುಡ್ಡದ ಮೇಲೆ ಅವರು ವಾಲಿದ್ದು, ಮಾತ್ರೆ, ತಣ್ಣಗಾದ ಕೈ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಅವರಿಗೆ ಗೊತ್ತಾಗಿತ್ತೇನು?"

"ಇಲ್ಲ ಅಕ್ಕಾ."

ಅವರ ಹಿಂದೆ ಎಲ್ಲೋ ಕುಕ್ಕರ್ ಕೂಗುತ್ತಿತ್ತು. "ಅವರು ಸಮಾಧಾನದಾಗ ಹೋದರು. ಇನ್ನ ಇದನ್ನ ತಲ್ಯಾಗ ಇಟಗೊಂಡು ನಾ ಅವರ ಮುಂದ ಹೆಂಗ ಕೂಡಲಿ? ನನಗ ಹೇಳಬಾರದಿತ್ತು ತಂಗಿ" ಎಂದರು. ಬೈಯಲಿಲ್ಲ. ಫೋನ್ ಇಟ್ಟರು.

ನಿನ್ನೆ ಪೂಜೆ ಮುಗಿದಿರಬೇಕು. ಹಬ್ಬಕ್ಕೆ, ಹುಣ್ಣಿಮೆಗೆ ತಪ್ಪದೆ ಫೋಟೋ ಕಳಿಸುತ್ತಿದ್ದವರು ಈ ಸಲ ಏನೂ ಕಳಿಸಲಿಲ್ಲ. ಆಫೀಸಿನಲ್ಲಿ ಕೂತು ಹತ್ತು ಸಲ ಮೊಬೈಲು ನೋಡಿದೆ. ಆ ಸಂಜೆ ಮತ್ತೆ ಬಂದರೂ ನಾನು ಕಾಕಾರಿಗೆ ಆ ಸಾರನ್ನು ಕುಡಿಸಿಯೇ ಕುಡಿಸುತ್ತೇನೆ, ಆ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಹೇಳಿಕೊಳ್ಳಬೇಕಾದದ್ದು ಕಾಕಾರ ಹತ್ತಿರವೇ. ಅವರು ಬೈಯುತ್ತಿದ್ದರೋ, ತಲೆಗೆ ನೀರು ಹಾಕಿಕೊಂಡು ಬಂದು ನಗುತ್ತಿದ್ದರೋ... ಕೇಳಬಹುದಾಗಿದ್ದ ದಿನಗಳಲ್ಲೆಲ್ಲ ಬಾಯಿ ಮುಚ್ಚಿಕೊಂಡು, ಮುಚ್ಚಿಕೊಂಡಿರಬೇಕಾದ ದಿನ ಅಕ್ಕನ ಮುಂದೆ ಬಾಯಿ ಬಿಟ್ಟೆ. ಈಗ ಹೇಳಿಕೊಳ್ಳಲು ಕಾಕಾ ಇಲ್ಲ, ಅಕ್ಕನಿಗೆ ಫೋನ್ ಮಾಡುವ ಮುಖ ನನಗಿಲ್ಲ.