ವಾಕಿಂಗ್ ಮಾಫಿ

ಕುಳಿತಲ್ಲಿ ಕುಳಿತಿರುವ ವಿದ್ಯೆ ನನಗೆ ಒಲಿಯಲೇ ಇಲ್ಲ. ಇಗರ್ಜಿಯಲ್ಲಿ ಪಾದ್ರಿಗಳ ಪ್ರವಚನ ಸ್ವಲ್ಪ ಉದ್ದವಾದರೆ ಸಾಕು, ಬೆಂಚಿನ ಕೆಳಗೆ ನನ್ನ ಕಾಲುಗಳು ತಮ್ಮದೇ ಮೆರವಣಿಗೆ ಹೊರಡುತ್ತವೆ. ದುಬೈಯ ಆಸ್ಪತ್ರೆಯೊಂದರ ಕೌಂಟರಿನಲ್ಲಿ ನಾನು ಇಷ್ಟು ವರ್ಷ ಬಾಳಿಕೆ ಬಂದದ್ದೂ ಅಲ್ಲಿ ನಿಂತೇ ಕೆಲಸ ಮಾಡಬೇಕಾದ್ದರಿಂದ. ಇಂಥವಳನ್ನು ಒಂದು ಗಾಲ್ಫ್ ಮೈದಾನದ ಸಮಿತಿಯಲ್ಲಿ ಕೂರಿಸಿದ್ದರು ಎಂದರೆ ನೀವು ನಗುತ್ತೀರಿ. ನಗಿ, ಬೇಸರವಿಲ್ಲ. ಗಾಲ್ಫಿನ ಕೋಲನ್ನು ನಾನು ಈವರೆಗೆ ಕೈಯಲ್ಲಿ ಹಿಡಿದವಳೂ ಅಲ್ಲ.

ಅಲ್ ಕುಸೈಸಿನ ನಮ್ಮ ಫ್ಲಾಟಿನಿಂದ ನಡೆದು ಹೋಗುವಷ್ಟು ದೂರದಲ್ಲಿ ಆ ಸಾರ್ವಜನಿಕ ಮೈದಾನ. ಬೇಲಿಯ ಒಳಗೆ, ಹುಲ್ಲಿನ ಅಂಚಿಗೆ ಒಂದು ಕಾಲುದಾರಿ. ಬೆಳಿಗ್ಗೆ ಆಟಗಾರರು ಬರುವ ಮೊದಲು ಅಲ್ಲಿ ಯಾರು ಬೇಕಾದರೂ ನಡೆಯಬಹುದಿತ್ತು. ದಾರಿದೀಪವೊಂದು ಕೆಟ್ಟಿದೆ ಎಂದು ನಾನು ಕಚೇರಿಗೆ ಹೋಗಿ ಹೇಳಿದೆ. ಮರುವಾರ ಇನ್ನೊಂದು ಕೆಟ್ಟಿತು, ಮತ್ತೆ ಹೇಳಿದೆ. ದೂರು ಕೊಡುವವರ ಬಾಯಿ ಮುಚ್ಚಿಸಲು ಅವರನ್ನೇ ಸಮಿತಿಗೆ ಸೇರಿಸಿಕೊಳ್ಳುವುದು ಎಲ್ಲ ಊರಿನಲ್ಲೂ ನಡೆಯುವ ಉಪಾಯ. ಹಾಗೆ ನಾನು 'ಆಡದ ಸಾರ್ವಜನಿಕರ ಪ್ರತಿನಿಧಿ'ಯಾದೆ.

ಊರಿನಲ್ಲಿರುವ ನನ್ನ ಅಕ್ಕನಿಗೆ ಫೋನಿನಲ್ಲಿ ಈ ಸುದ್ದಿ ಹೇಳಿದ್ದೇ ತಪ್ಪಾಯಿತು. ಅವಳು 'ಗಾ'ದ ದೀರ್ಘವನ್ನು ನುಂಗಿ, ತಂಗಿ ಗಲ್ಫ್ ಸಮಿತಿಯ ಮೆಂಬರ್ ಎಂದು ಇಗರ್ಜಿಯ ವಾಡೆಯ ಮನೆಮನೆಗೆಲ್ಲ ಸಾರಿದಳು. ಇಡೀ ಕೊಲ್ಲಿ ನಾಡನ್ನು ನೋಡಿಕೊಳ್ಳುತ್ತಿರುವುದು ನಾನೇ ಎಂದುಕೊಂಡವರು ಮಕ್ಕಳಿಗೆ ವೀಸಾ ಕೇಳಿ ಕರೆ ಮಾಡತೊಡಗಿದರು. ಆಮೇಲೆ ಯೋಚಿಸಿದರೆ ಗಾಲ್ಫಿಗೂ ಗಲ್ಫಿಗೂ ನಿಜವಾಗಿಯೂ ಹೆಚ್ಚು ದೂರವಿಲ್ಲ. ಚೆಂಡನ್ನು ಶಕ್ತಿ ಮೀರಿ ದೂರಕ್ಕೆ ಹೊಡೆಯುವುದು, ಬಿಸಿಲಿನಲ್ಲಿ ಅದನ್ನು ಹುಡುಕಿಕೊಂಡು ಹೋಗುವುದು, ಸಿಕ್ಕಿತು ಎನ್ನುವಷ್ಟರಲ್ಲಿ ಮತ್ತೆ ಹೊಡೆಯುವುದು. ನಾವೂ ಇಲ್ಲಿ ಮಾಡುತ್ತಿರುವುದು ಅದನ್ನೇ.

ಸಮಿತಿಯ ಹೆಸರಿನಲ್ಲಿ 'ನಾಗರಿಕ' ಎಂಬ ಪದವಿತ್ತು. ನನಗೆ ಅದೊಂದು ಮುಜುಗರ. ನಗರದಲ್ಲಿ ಇರುವವನು ನಾಗರಿಕ ಎಂದು ನಾವು ಶಾಲೆಯಲ್ಲಿ ಕಲಿತದ್ದು. ಇಲ್ಲಿ ನಗರದಲ್ಲಿ ಇರುವುದು ಬೇರೆ, ನಾಗರಿಕರಾಗುವುದು ಬೇರೆ. ಸಮಿತಿಯ ಸದಸ್ಯತ್ವಕ್ಕೆ ನಾಲ್ಕು ವರ್ಷದ ಅವಧಿ, ನನ್ನ ವೀಸಾಕ್ಕೆ ಎರಡು. ಮಧ್ಯದಲ್ಲಿ ನನ್ನನ್ನೇ ಊರಿಗೆ ಕಳಿಸಿದರೆ ಹುಲ್ಲಿನ ಮೇಲ್ವಿಚಾರಣೆ ಯಾರದು ಎಂದು ನನ್ನ ಗಂಡ ವಲೇರಿಯನ್ ಕೀಟಲೆ ಮಾಡುತ್ತಿದ್ದ. ಆದರೂ ನಾನು ಸಭೆಗೆ ಬಿಡದೆ ಹೋಗುತ್ತಿದ್ದೆ, ಕಾಲು ಅಲ್ಲಾಡಿಸುತ್ತ ಕೂರುತ್ತಿದ್ದೆ. ಪಕ್ಕದ ಕುರ್ಚಿಯವರು ತಮ್ಮ ಚಹಾದ ಕಪ್ಪನ್ನು ಸ್ವಲ್ಪ ಆಚೆ ಸರಿಸಿಕೊಳ್ಳುತ್ತಿದ್ದರು.

ಬಿಡದೆ ಹೋಗುತ್ತಿದ್ದುದಕ್ಕೆ ಕಾರಣ ಐಸಮ್ಮ. ಅವಳು ನಮ್ಮ ಕಟ್ಟಡದಲ್ಲೇ ಇದ್ದ, ಬಂಟ್ವಾಳದ ಕಡೆಯ ಬ್ಯಾರಿ ಹೆಂಗಸು. ಗಂಡ ಅಲ್ ಕೂಜಿನ ಗೋದಾಮಿನಲ್ಲಿ ಬಹಳ ಕಾಲ ಒಂಟಿಯಾಗಿ ದುಡಿದು, ಕೊನೆಗೂ ಫ್ಯಾಮಿಲಿ ವೀಸಾ ಮಾಡಿಸಿ ಅವಳನ್ನು ಕರೆಸಿಕೊಂಡಿದ್ದ. ಬಂದ ಸ್ವಲ್ಪ ದಿನಕ್ಕೇ ಅವಳಿಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾಯಿತು. ದಿನಾ ನಡೆಯಬೇಕು ಎಂದರು ಡಾಕ್ಟರು. ಎಲ್ಲಿ ನಡೆಯುವುದು? ಲಾರಿಗಳ ಅಬ್ಬರಕ್ಕೆ ರಸ್ತೆ ಬದಿಯಲ್ಲಿ ಅವಳ ಕೈಕಾಲು ತಣ್ಣಗಾಗುತ್ತಿತ್ತು. ನಾನೇ ಅವಳನ್ನು ಆ ಕಾಲುದಾರಿಗೆ ಕರೆದುಕೊಂಡು ಹೋದೆ. ತುಳು, ಕನ್ನಡ ಬೆರೆಸಿ ಮಾತಾಡುತ್ತ ಒಂದು ಸುತ್ತು ಬರುತ್ತಿದ್ದೆವು. ಊರಿನಲ್ಲಿ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ಹಾಗೆ ಅವಳು ನನ್ನನ್ನು 'ಬಾಯಿ' ಎನ್ನುತ್ತಿದ್ದಳು. ಹುಲ್ಲು ಕಂಡ ಕೂಡಲೇ ಅವಳ ನಡಿಗೆ ಬದಲಾಗುತ್ತಿತ್ತು. ಉಳಿದ ಹೊತ್ತೆಲ್ಲ ಅವಳಿಗೆ ನಾಲ್ಕು ಗೋಡೆ, ಒಂದು ಎಸಿ. ಆ ಸುತ್ತು ತಪ್ಪಿದರೆ ಅವಳು ಒಳಗೇ ಬಾಡಿಹೋಗುತ್ತಾಳೆ ಎಂದು ನನಗೆ ನಿಜಕ್ಕೂ ಹೆದರಿಕೆಯಿತ್ತು.

ಇಂಥ ಹೊತ್ತಿನಲ್ಲಿ ಸಮಿತಿಯ ಪುನಾರಚನೆ ಬಂತು. ಈ ದೇಶದಲ್ಲಿ ಯಾವುದನ್ನೂ ಹಾಗೇ ಇರಲು ಬಿಡುವುದಿಲ್ಲ. ರಸ್ತೆ, ಕಟ್ಟಡ, ಸಮಿತಿ ಎಲ್ಲಕ್ಕೂ ನನ್ನ ಕಾಲಿನದೇ ಕಾಯಿಲೆ. ಸೂಟು ತೊಟ್ಟ ಸಲಹೆಗಾರರೊಬ್ಬರು ಪರದೆಯ ಮೇಲೆ ಚೌಕಗಳ ಚಿತ್ರ ತೋರಿಸಿದರು, ಸದಸ್ಯರೊಬ್ಬರಿಗೆ ಒಂದು ಚೌಕ. ಹನ್ನೊಂದು ಚೌಕ ಐದಕ್ಕೆ ಇಳಿದಿತ್ತು. ನನ್ನ ಚೌಕ ಎಲ್ಲಿ ಎಂದು ನಾನು ಕತ್ತು ಉದ್ದ ಮಾಡಿ ಹುಡುಕಿದೆ. ಇರಲಿಲ್ಲ. ಆಡದವರ ಸೀಟು ಹೋಗಲಿದೆ, ಅದರ ಜೊತೆಗೆ ಕಾಲುದಾರಿಯೂ ಮುಂದಿನ ತಿಂಗಳಿಂದ ಆಟಗಾರರಿಗೆ ಮಾತ್ರ. ಕೊನೆಯ ತೀರ್ಮಾನ ಹದಿನೈದು ದಿನದ ಬಳಿಕ ಎಂದು ಸಭೆ ಮುಗಿಸಿದರು.

ಐಸಮ್ಮನಿಗೆ ಹೇಗೆ ಹೇಳುವುದು ಎಂದು ನಾನು ಮಾತು ಜೋಡಿಸಿಕೊಳ್ಳುತ್ತಿರುವಾಗಲೇ ಗೇಟಿನ ನೇಪಾಳಿ ಕಾವಲುಗಾರ ಹೇಳಿಬಿಟ್ಟ.

"ನೆಕ್ಸ್ಟ್ ಮಂತ್ ಸೇ ವಾಕಿಂಗ್ ಮಾಫಿ, ಮೇಡಂ."

ಗಲ್ಫಿನ ಬೀದಿಮಾತಿನಲ್ಲಿ ಮಾಫಿ ಎಂದರೆ ಇಲ್ಲ. ನೀರು ಮಾಫಿ, ಪಾರ್ಕಿಂಗ್ ಮಾಫಿ, ರಜೆ ಮಾಫಿ. ಇಲ್ಲಿ ಹಳಬರಾದವರಿಗೆ ದಿನಾ ಕೇಳಿ ಕೇಳಿ ಕಿವಿ ಜಡ್ಡುಗಟ್ಟಿದ ಮಾತು. ಆದರೆ ಐಸಮ್ಮ ಊರಿನಿಂದ ತಂದದ್ದು ನಮ್ಮ ಮಾಫಿಯನ್ನು: ದಂಡ ಮಾಫಿ, ಸಾಲ ಮಾಫಿ. ಅವಳ ಮುಖ ಅರಳಿತು. ಕಾವಲುಗಾರನಿಗೆ ಎದೆಯ ಮೇಲೆ ಕೈಯಿಟ್ಟು ಶುಕ್ರಿಯಾ ಹೇಳಿದಳು. ಅವನು ಕಕ್ಕಾಬಿಕ್ಕಿಯಾಗಿ ನನ್ನ ಮುಖ ನೋಡಿದ.

"ಮಾಫಿ ಮಾಡ್ಲಿಕ್ಕೆ ನಾವು ಎಂತ ತಪ್ಪು ಮಾಡಿದ್ದು ಬಾಯಿ?" ಎಂದು ಸ್ವಲ್ಪ ಮುಂದೆ ಹೋದ ಮೇಲೆ ಕೇಳಿದಳು. "ಇರ್ಲಿ. ಒಳ್ಳೆ ಜನ."

ತಿದ್ದಬೇಕೆಂದು ಬಾಯಿ ತೆರೆದೆ. ಆ ಮುಖ ನೋಡಿ ಆಗಲಿಲ್ಲ. ಅವಳು ಅವತ್ತು ಒಂದರ ಬದಲು ಎರಡು ಸುತ್ತು ಹಾಕಿದಳು.

ಮುಂದಿನ ದಿನಗಳನ್ನು ಕೇಳಬೇಡಿ. ನಾನು ಅಡುಗೆಮನೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಅಡುಗೆಮನೆಗೆ ತಿರುಗಿದೆ. ಮೀನಿನ ಸಾರಿಗೆ ಉಪ್ಪು ಎರಡು ಸಲ ಬಿತ್ತು. ಎಲ್ಲಾದರೂ ಒಂದು ಕಡೆ ಕೂತುಕೋ ಮಾರಾಯ್ತಿ ಎಂದು ವಲೇರಿಯನ್ ಕೈಮುಗಿದ. ಮನಸ್ಸಿನಲ್ಲಿ ನಾನು ಎಷ್ಟೋ ಭಾಷಣ ಕಟ್ಟಿ ಕೆಡವಿದೆ. ಅಂಥ ಚಂದದ ಇಂಗ್ಲಿಷನ್ನು ನಾನು ಜನ್ಮದಲ್ಲಿ ಮಾತಾಡಿದವಳಲ್ಲ.

ಸಭೆಯಲ್ಲಿ ಎದ್ದು ನಿಂತಾಗ ಆ ಇಂಗ್ಲಿಷೆಲ್ಲ ಆವಿಯಾಗಿ, ಬಾಯಿಗೆ ಬಂದದ್ದು ಚರಂಡಿ. ನಿಮ್ಮ ಹುಲ್ಲಿಗೆ ಹಾಯಿಸುವುದು ಊರಿನ ಕೊಳಚೆಯನ್ನು ಶುದ್ಧ ಮಾಡಿದ ನೀರು, ಅಂದರೆ ನಮ್ಮ ಬಚ್ಚಲುಗಳಿಂದ ಹೋದದ್ದೇ. ನಾವು ಆಡದಿದ್ದರೂ ಈ ಹಸಿರಿನಲ್ಲಿ ನಮ್ಮದೂ ಪಾಲಿದೆ ಎಂದೆ. ಸಲಹೆಗಾರರು ಗುಟುಕರಿಸುತ್ತಿದ್ದ ನೀರಿನ ಲೋಟವನ್ನು ಕೆಳಗಿಟ್ಟರು. ಗಾಬರಿಯಲ್ಲಿ ನಾನು ಐಸಮ್ಮನ ಮಾಫಿಯ ಕತೆಯನ್ನೂ ಹೇಳಿಬಿಟ್ಟೆ. ಎಲ್ಲರೂ ನಕ್ಕರು. ಅಧ್ಯಕ್ಷರು ಮಾತ್ರ ನಗಲಿಲ್ಲ. ಬಿಳಿ ನಿಲುವಂಗಿ, ಕಂದೂರ, ತೊಟ್ಟ ಸ್ಥಳೀಯ ಅರಬ್ ಹಿರಿಯರು. ತಮ್ಮಷ್ಟಕ್ಕೇ ಆ ಶಬ್ದವನ್ನು ಎರಡು ಬಗೆಯಲ್ಲಿ ಉಚ್ಚರಿಸಿ ನೋಡಿದರು.

"ವಿನಾಯಿತಿಗೆ ನಮ್ಮಲ್ಲೂ ಹೆಚ್ಚುಕಡಿಮೆ ಅದೇ ಶಬ್ದ," ಎಂದರು ನಿಧಾನವಾದ ಇಂಗ್ಲಿಷಿನಲ್ಲಿ. "ಗಂಟಲಿನಿಂದ ಬರುವ ಒಂದು ಅಕ್ಷರದ ವ್ಯತ್ಯಾಸ, ಅಷ್ಟೇ. ಆಕೆಯ ಅರ್ಥವನ್ನೇ ಇಟ್ಟುಕೊಳ್ಳೋಣ."

ನಡೆಯುವವರಿಗೆ ಹೊಸ ನಿಯಮದಿಂದ ವಿನಾಯಿತಿ ಎಂದು ಬರೆಸಿದರು. ಚೌಕಗಳು ಮಾತ್ರ ಐದೇ ಉಳಿದವು. ನನಗೊಂದು ಹೂಗುಚ್ಛ ಕೊಟ್ಟು, ಕೈಕುಲುಕಿ, ಖಲಾಸ್ ಎಂದು ಬೀಳ್ಕೊಟ್ಟರು.

ಮರುದಿನ ಬೆಳಿಗ್ಗೆ ಗೇಟು ದಾಟುವವರೆಗೂ ನನಗೆ ತಡೆಯಲಾಗಲಿಲ್ಲ. ಸಭೆ, ಚೌಕ, ಚರಂಡಿ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ, ಇನ್ನು ಮೇಲೆ ನಮ್ಮ ನಡಿಗೆಗೆ ಅಡ್ಡಿಯಿಲ್ಲ, ಮಾಫಿಯಾಯಿತು ಎಂದೆ. ಐಸಮ್ಮ ನಡಿಗೆ ನಿಲ್ಲಿಸದೆಯೇ ನನ್ನತ್ತ ತಿರುಗಿದಳು.

"ಅದು ಅವತ್ತೇ ಮಾಫಿ ಆಗಿದೆಯಲ್ಲ ಬಾಯಿ. ನೀವು ಪುನಃ ಕೇಳ್ಲಿಕ್ಕೆ ಯಾಕೆ ಹೋದದ್ದು?"

ನಡೆಯುವ ದಾರಿಯನ್ನೇ ಕಳೆದುಕೊಳ್ಳಲಿದ್ದವಳು ಈ ಹದಿನೈದು ದಿನವೂ ಸುಖವಾಗಿ ನಿದ್ದೆ ಮಾಡಿದ್ದಳು. ಅವಳ ಪಾಲಿನ ನಿದ್ದೆಗೇಡನ್ನೆಲ್ಲ ಅನುಭವಿಸಿದವಳು ನಾನು. ಪ್ರತಿನಿಧಿ ಎಂದರೆ ಏನು ಎಂದು ನನಗೆ ಗೊತ್ತಾದದ್ದು, ಹೀಗೆ, ಆ ಹುದ್ದೆ ಹೋದ ಮರುದಿನ.